ಹಾವಿನ ಲೆಕ್ಕ ಕಲಿಯುತ್ತಿರುವ ನಮ್ಮಕ್ಕ

ನಮ್ಮ ದೊಡ್ಡಪ್ಪನ ಮಗಳು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಇದು ನಾಲ್ಕನೇ ವರ್ಷ. ಏನು ಓದುತ್ತಿದ್ದಾಳೆ ಅಂತ ಊರಿನಲ್ಲಿ ಕೇಳಿದರೆ ನಾಲ್ಕು ಬೀದಿಯಲ್ಲಿ ನಾಲ್ಕು ಉತ್ತರ ಸಿಗುತ್ತದೆ. ದೊಡ್ಡವ್ವನ ಪ್ರಕಾರ ಅವಳು ‘ಹಾವಿನ ಡಾಕ್ಟ್ರು’. ಡೇರಿ ಸೆಕ್ರೆಟರಿ ಪ್ರಕಾರ ‘ಕಂಪ್ಯೂಟ್ರು’. ಅರಳಿಕಟ್ಟೆಯಲ್ಲಿ ಕೂರುವ ಒಬ್ಬ ತಾತನ ಕಿವಿಗೆ ‘ವಿಕಾಸ’ ಅನ್ನುವ ಪದವಷ್ಟೇ ಬಿದ್ದಿತ್ತು. ಹುಡುಗಿ ವಿಕಾಸಸೌಧದಲ್ಲಿ ಕೆಲಸಕ್ಕಿದ್ದಾಳೆ ಅಂತ ನಂಬಿ, ನಿಂತುಹೋದ ತನ್ನ ಪಿಂಚಣಿಯ ಅರ್ಜಿಯನ್ನು ನನ್ನ ಕೈಗೆ ಕೊಟ್ಟು ಕಳಿಸಿದ್ದ.

ಅವಳು ಓದುತ್ತಿರುವುದು ವಿಕಾಸ ಜೀವವಿಜ್ಞಾನ ಮತ್ತು ಡೇಟಾ ಸೈನ್ಸ್, ಎರಡನ್ನೂ ಒಟ್ಟಿಗೆ. ಅವಳಿಗೆ ಇಬ್ಬರು ಗೈಡ್. ಒಬ್ಬರು ಹಾವು, ಹಲ್ಲಿ, ಕಪ್ಪೆಗಳ ಹಿಂದೆ ಜೀವಮಾನ ಕಳೆದವರು. ಇನ್ನೊಬ್ಬರು ಸಂಖ್ಯಾಶಾಸ್ತ್ರದವರು. ಇಬ್ಬರ ಮಾತು ಒಂದಾಗುವುದು ತಿಂಗಳಿಗೆ ಒಂದು ದಿನ ಮಾತ್ರ ಎಂದು ಅಕ್ಕ ನಗುತ್ತಾಳೆ.

ಪತ್ರಿಕೋದ್ಯಮ ಓದಿ ಬಂದವನು, ಮನೆಯೊಳಗಿನ ಸುದ್ದಿಯನ್ನೇ ಸರಿಯಾಗಿ ಹೇಳಲಾಗದಿದ್ದರೆ ಹೇಗೆ ಎಂದು ಕಳೆದ ದಸರಾ ರಜೆಯಲ್ಲಿ ಮೂರು ದಿನ ಅವಳ ಬೆನ್ನು ಹತ್ತಿದೆ. ನನಗೆ ಅರ್ಥವಾದಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ವಿಕಾಸ. ನಮ್ಮ ಕಡೆ ಹೆಳವರು ಬರುತ್ತಾರಲ್ಲ, ಅವರನ್ನು ನೆನೆಸಿಕೊಳ್ಳಿ. ಎತ್ತಿನ ಜೊತೆ ಬಂದು, ಮನೆಯ ಮುಂದೆ ನಿಂತು, ನಿಮ್ಮ ಮುತ್ತಜ್ಜನ ಅಪ್ಪ ಯಾವ ಊರಿಂದ ಎದ್ದು ಬಂದ, ಅವನಿಗೆಷ್ಟು ಮಕ್ಕಳು, ಯಾವ ಕವಲು ಯಾವ ಊರಿಗೆ ಹೋಯಿತು ಎಂದು ವಂಶಾವಳಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ದವಸ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಪ್ರಾಣಿ, ಗಿಡ, ಹುಳಹುಪ್ಪಟೆಗಳಿಗೂ ಇಂಥದ್ದೇ ವಂಶಾವಳಿ ಇದೆ. ಒಂದು ಮೂಲದಿಂದ ಕವಲೊಡೆದು, ತಲೆಮಾರಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತಾ, ಬದುಕಿ ಮರಿ ಮಾಡಿದವು ತಮ್ಮ ಗುಣವನ್ನು ಮುಂದಕ್ಕೆ ದಾಟಿಸುತ್ತಾ ಬಂದಿವೆ. ತೊಂದರೆ ಏನೆಂದರೆ ಹಾವುಗಳ ಮನೆಗೆ ಹೆಳವರು ಬರುವುದಿಲ್ಲ. ಬರೆದಿಟ್ಟ ಪುಸ್ತಕವಿಲ್ಲ. ಇವತ್ತು ಜೀವಂತ ಇರುವ ಹಾವುಗಳ ಡಿಎನ್‌ಎಯನ್ನು ಒಂದರ ಪಕ್ಕ ಒಂದಿಟ್ಟು, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ನೋಡಿ ವಂಶಾವಳಿಯನ್ನು ಹಿಂದಿನಿಂದ ಕಟ್ಟಬೇಕು.

ಇಲ್ಲಿಂದಲೇ ಕಂಪ್ಯೂಟರ್ ಬೇಕಾಗುತ್ತದೆ. ಮೂರು ಹಾವಿದ್ದರೆ ಯಾರು ಯಾರಿಗೆ ಹತ್ತಿರದ ನೆಂಟ ಎನ್ನುವುದಕ್ಕೆ ಮೂರೇ ಬಗೆಯ ಉತ್ತರ. ನಾಲ್ಕಾದರೆ ಹದಿನೈದು. ಹತ್ತಾದರೆ 3 ಕೋಟಿ 44 ಲಕ್ಷ ದಾಟುತ್ತದೆ. ಅಕ್ಕನ ಹತ್ತಿರ ಇರುವುದು ಹತ್ತಲ್ಲ, ನೂರಾರು. ಒಂದು ವಂಶವೃಕ್ಷ ಕಟ್ಟಲು ಅವಳ ಯಂತ್ರ ಹಗಲು ರಾತ್ರಿ ಓಡುತ್ತಲೇ ಇರುತ್ತದೆ. ಅವಳು ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಒಂದರ ಹೆಸರು ಪೈಥಾನ್. ಪೈಥಾನ್ ಎಂದರೆ ಹೆಬ್ಬಾವು ಎಂದು ಯಾರೋ ದೊಡ್ಡವ್ವನಿಗೆ ಹೇಳಿಬಿಟ್ಟಿದ್ದಾರೆ. ‘ನಾಗರಾವು ಸಾಲ್ದು ಅಂತ ಹೆಬ್ಬಾವೂ ಕಲೀತಾವ್ಳಂತೆ’ ಎಂದು ಅವಳ ಗೋಳು. ಆ ಹೆಸರು ಬಂದಿದ್ದು ಬ್ರಿಟನ್ನಿನ ಒಂದು ಹಾಸ್ಯ ತಂಡದಿಂದ, ಹಾವಿನಿಂದಲ್ಲ. ಹೇಳಿ ನೋಡಿದೆ, ನಂಬಲಿಲ್ಲ.

ಅಕ್ಕ ಮೊದಲು ಹಾವಿನವಳಲ್ಲ. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ತಗೊಂಡು ಬಿಎಸ್ಸಿ ಮಾಡಿದಳು. ಬೆಳಿಗ್ಗೆ ಏಳರ ಕೆಂಪು ಬಸ್ಸು, ಸಂಜೆ ಐದೂವರೆಯದು. ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ. ಅಲ್ಲಿಯವರೆಗೆ ಅವಳಿಗೂ ಹಾವಿಗೂ ಇದ್ದ ಸಂಬಂಧ, ನಮಗೆಲ್ಲ ಇರುವಂಥದ್ದೇ. ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ಕಾಲು ಬಡಿಯುತ್ತಾ ನಡೆಯುವುದು.

ಪಿಎಚ್‌ಡಿಗೆ ಸೇರಿದ ಮೊದಲ ವರ್ಷ ಸಂಶೋಧನೆ ಇರಲಿಲ್ಲ, ಮತ್ತೆ ತರಗತಿ, ಮತ್ತೆ ಪರೀಕ್ಷೆ. ಪಕ್ಕದ ಬೆಂಚಿನಲ್ಲಿ ಅಸ್ಸಾಮಿನ ಒಬ್ಬ ಹುಡುಗ. ಅವನು ಕಾಡಿನಲ್ಲೇ ಬೆಳೆದವನಂತೆ, ಯಾವ ಹಾವನ್ನಾದರೂ ಹೆಜ್ಜೆ ಸದ್ದಿಲ್ಲದೆ ಹತ್ತಿರ ಹೋಗಿ ಗುರುತಿಸುತ್ತಾನೆ. ಆದರೆ ಕಂಪ್ಯೂಟರಿನ ಕಪ್ಪು ಪರದೆ ಕಂಡರೆ ಬೆವರುತ್ತಿದ್ದ. ಅಕ್ಕ ಅವನಿಗೆ ಪ್ರೋಗ್ರಾಂ ಬರೆಯುವುದು ಕಲಿಸಿದಳು. ಅವನು ಇವಳಿಗೆ ಹುರುಪೆ ಎಣಿಸುವುದು, ಪೊರೆ ನೋಡಿ ಹಾವು ಹೇಳುವುದು ಕಲಿಸಿದ. ತರಗತಿಯಲ್ಲಿ ಕಲಿತದ್ದಕ್ಕಿಂತ ಹಾಸ್ಟೆಲ್ ಮೆಸ್ಸಿನ ಮೇಜಿನ ಮೇಲೆ ಕಲಿತದ್ದೇ ಹೆಚ್ಚು ಎನ್ನುತ್ತಾಳೆ. ಎರಡು ವಿದ್ಯೆ ಜೋಡಿಸುವ ಇಂಥ ಓದಿನಲ್ಲಿ ಎಲ್ಲರೂ ಅರ್ಧ ದಡ್ಡರಾಗಿಯೇ ಶುರು ಮಾಡುತ್ತಾರೆ. ರ‍್ಯಾಂಕ್ ಬಂದವರಿಗೆ ಇದು ಕಷ್ಟ.

‘ಲೆಕ್ಕ ಬಂದ್ರೆ ಸಾಕಲ್ವಾ? ಹಾವಿನ ವಿಷಯ ಹಾವಿನವರು ಹೇಳ್ತಾರೆ, ನೀನು ಕೂಡಿ ಕಳೆದು ಕೊಟ್ರಾಯ್ತು’ ಎಂದು ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ನನಗೆ ಇಡೀ ವಿಷಯವನ್ನೇ ಬಿಡಿಸಿಟ್ಟಿತು.

‘ಊರಲ್ಲಿ ಬದುವಿನ ಜಗಳಕ್ಕೆ ನ್ಯಾಯ ಸೇರವ್ರೆ ಅಂದ್ಕೊ. ಐದು ಜನ ಬಂದು ಒಂದೇ ಸಾಕ್ಷಿ ಹೇಳಿದ್ರು. ಐದು ಸಾಕ್ಷಿ ಅಂತ ಬರ್ಕೊತೀಯಾ?’

‘ಹೂಂ.’

‘ಐದು ಜನಾನೂ ಅಣ್ಣತಮ್ಮಂದ್ರು, ಒಂದೇ ಮನೇಲಿ ಉಣ್ಣೋರು. ಈಗ?’

ಆಗ ಅದು ಐದು ಸಾಕ್ಷಿಯಲ್ಲ, ಒಂದು. ಇಷ್ಟೇ ಸಂಗತಿ. ಸಂಖ್ಯಾಶಾಸ್ತ್ರದ ಮೂಲ ನಿಯಮಗಳಲ್ಲಿ ಒಂದು, ನೀನು ಎಣಿಸುವ ಒಂದೊಂದೂ ಸ್ವತಂತ್ರ ಸಾಕ್ಷಿಯಾಗಿರಬೇಕು ಎನ್ನುವುದು. ಆದರೆ ಜೀವಜಗತ್ತಿನಲ್ಲಿ ಎಲ್ಲರೂ ಎಲ್ಲರಿಗೂ ದೂರದ್ದೋ ಹತ್ತಿರದ್ದೋ ನೆಂಟರು. ಒಣಪ್ರದೇಶದ ಐದು ಜಾತಿ ಹಲ್ಲಿಗಳ ಬಣ್ಣ ಮಣ್ಣಿನ ಬಣ್ಣವೇ ಆಗಿದ್ದರೆ, ಐದೂ ಬೇರೆ ಬೇರೆಯಾಗಿ ಆ ಬಣ್ಣ ಪಡೆದವೋ, ಅಥವಾ ಐವರ ಒಬ್ಬ ಅಜ್ಜನಿಗೆ ಬಂದ ಬಣ್ಣ ಐದು ಮನೆಗೆ ಹಂಚಿಹೋಯಿತೋ? ವಂಶಾವಳಿ ಗೊತ್ತಿಲ್ಲದೆ ಎಣಿಸಿದರೆ ಲೆಕ್ಕ ಸರಿಯಿರುತ್ತದೆ, ತೀರ್ಮಾನ ತಪ್ಪಿರುತ್ತದೆ. ಈ ತೊಡಕನ್ನು ಬಿಡಿಸುವ ಒಂದು ದಾರಿಯನ್ನು ಜೋಸೆಫ್ ಫೆಲ್ಸೆನ್‌ಸ್ಟೈನ್ ಎಂಬ ಅಮೆರಿಕದ ವಿಜ್ಞಾನಿ 1985ರಲ್ಲಿ ತೋರಿಸಿಕೊಟ್ಟರು. ಇವತ್ತಿಗೂ ಅಕ್ಕನಂಥವರು ಓದಲೇಬೇಕಾದ ಲೇಖನ ಅದು. ಲೆಕ್ಕದವನಿಗೆ ನೆಂಟಸ್ತಿಕೆ ಕಾಣುವುದಿಲ್ಲ, ಹಾವಿನವನಿಗೆ ಅದನ್ನು ಲೆಕ್ಕಕ್ಕೆ ಇಳಿಸಲು ಬರುವುದಿಲ್ಲ. ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಆಗದಾ ಎಂದರೆ, ಆಗುತ್ತದೆ, ಆದರೆ ಏನು ಕೇಳಬೇಕು ಎನ್ನುವುದು ಒಬ್ಬರ ತಲೆಯೊಳಗೇ ಹುಟ್ಟಬೇಕು. ಅದಕ್ಕೇ ಇಷ್ಟು ವರ್ಷ.

ಇನ್ನೊಂದು ಪಾಠ ಸೊನ್ನೆಯದು. ಡೇರಿ ಪುಸ್ತಕದಲ್ಲಿ ಮಂಗಳವಾರ ನಿಮ್ಮ ಹಾಲು ‘0’ ಎಂದಿದ್ದರೆ, ಅವತ್ತು ನೀವು ಹಾಲು ಹಾಕಿಲ್ಲ. ಆ ಜಾಗ ಖಾಲಿ ಇದ್ದರೆ? ಹಾಕಿರಬಹುದು, ಬರೆಯುವವನು ಮರೆತಿರಬಹುದು. ಎರಡನ್ನೂ ಒಂದೇ ಎಂದು ತಿಳಿದು ಸರಾಸರಿ ತೆಗೆದರೆ ನಿಮ್ಮ ಹಸು ಬಡವಾಗುತ್ತದೆ. ಅಕ್ಕ ಸೇರಿದ ಹೊಸದರಲ್ಲಿ ಅವಳಿಗೆ ಕೊಟ್ಟ ಹಳೆಯ ದಾಖಲೆಯಲ್ಲಿ ಒಂದು ತಾಲ್ಲೂಕಿಗೆ ಹಾವೇ ಇರಲಿಲ್ಲವಂತೆ. ನಮ್ಮ ಪಕ್ಕದ ತಾಲ್ಲೂಕು! ಅಲ್ಲಿ ಹಾವಿಲ್ಲ ಎಂದಲ್ಲ, ಅಲ್ಲಿಗೆ ಯಾರೂ ಹೋಗಿ ಹುಡುಕಿರಲಿಲ್ಲ. ಊರಿನವಳಾದ್ದರಿಂದ ಅವಳಿಗೆ ತಕ್ಷಣ ಗೊತ್ತಾಯಿತು. ಬೇರೆಯವರಾಗಿದ್ದರೆ ಅದು ಸೊನ್ನೆಯಾಗಿಯೇ ಉಳಿಯುತ್ತಿತ್ತೇನೋ.

ಇದೆಲ್ಲ ಈಗಿನ ಕಾಲದ ಹೊಸ ಫ್ಯಾಷನ್ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಇವತ್ತು ಸಂಖ್ಯಾಶಾಸ್ತ್ರದಲ್ಲಿ ಬಳಸುವ ಎಷ್ಟೋ ಉಪಾಯಗಳು ಹುಟ್ಟಿದ್ದೇ ಹೊಲದಲ್ಲಿ. ಆರ್. ಎ. ಫಿಶರ್ ಎಂಬ ಇಂಗ್ಲೆಂಡಿನ ಗಣಿತಜ್ಞ 1919ರಲ್ಲಿ ರೋಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿ, ಯಾವ ಗೊಬ್ಬರ ಹಾಕಿದ ತಾಕಿನಲ್ಲಿ ಎಷ್ಟು ಬೆಳೆ ಎಂಬ ಹಳೆಯ ಪುಸ್ತಕಗಳನ್ನು ಹಿಡಿದು ಕೂತು ಲೆಕ್ಕದ ದಾರಿಗಳನ್ನು ಕಂಡುಹಿಡಿದರು. ಅದೇ ಮನುಷ್ಯ 1930ರಲ್ಲಿ ವಿಕಾಸದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಮನುಷ್ಯರಲ್ಲೂ ಮೇಲು ತಳಿ, ಕೀಳು ತಳಿ ಎಂದು ವಿಂಗಡಿಸಿ ಸಂತಾನ ನಿಯಂತ್ರಿಸಬೇಕು ಎಂಬ ವಾದವನ್ನು ಬೆಂಬಲಿಸಿದವರೂ ಅವರೇ. ಲೆಕ್ಕ ಎಷ್ಟು ಚೆನ್ನಾಗಿದ್ದರೂ ಲೆಕ್ಕದವನ ತಲೆಯೊಳಗೆ ಏನಿದೆ ಎಂದು ನೋಡಬೇಕು ಅನ್ನುವುದು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಜೆ. ಬಿ. ಎಸ್. ಹಾಲ್ಡೇನ್ ಕಥೆ. ಓದಿದ್ದು ಆಕ್ಸ್‌ಫರ್ಡ್‌ನಲ್ಲಿ. ವಿಜ್ಞಾನದ ಪದವಿಯೇ ಇರಲಿಲ್ಲ, ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ ಓದಿದವರು. ಆದರೂ ವಿಕಾಸವನ್ನು ಗಣಿತದಲ್ಲಿ ಕಟ್ಟಿಕೊಟ್ಟ ಮೂವರು ದೊಡ್ಡವರಲ್ಲಿ ಅವರೊಬ್ಬರು, ಫಿಶರ್ ಇನ್ನೊಬ್ಬರು. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಗೆ ಬಂದು, ಪಿ. ಸಿ. ಮಹಲನೋಬಿಸ್ ಕಟ್ಟಿದ್ದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಆಮೇಲೆ ಭಾರತದ ಪ್ರಜೆಯೂ ಆದರು. ದುಬಾರಿ ಯಂತ್ರವಿಲ್ಲದೆ, ಕಣ್ಣು ಮತ್ತು ಎಣಿಕೆ ಇಟ್ಟುಕೊಂಡು ಈ ದೇಶದಲ್ಲಿ ಒಳ್ಳೆಯ ಜೀವವಿಜ್ಞಾನ ಮಾಡಬಹುದು ಎಂದು ಹುಡುಗರನ್ನು ಹುರಿದುಂಬಿಸಿದರು.

ಅವರ ಜೊತೆ ಕೆಲಸ ಮಾಡಿದ ಟಿ. ಎ. ಡೇವಿಸ್ ಎಣಿಸಿದ್ದು ಏನು ಗೊತ್ತೆ? ತೆಂಗಿನ ಮರ. ತೆಂಗಿನ ಗರಿಗಳು ಕಾಂಡದ ಸುತ್ತ ಸುತ್ತಿಕೊಂಡು ಏಳುತ್ತವೆ. ಕೆಲವು ಮರಗಳಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಎಡಸುತ್ತಿನ ಮರಗಳು ಸರಾಸರಿಯಲ್ಲಿ ಹೆಚ್ಚು ಕಾಯಿ ಬಿಡುತ್ತವೆ ಎಂದು ಡೇವಿಸ್ ಎಣಿಸಿ ತೋರಿಸಿ, ಪ್ರಕಟಿಸಿದರು. ಎಡಸುತ್ತಿನ ಮರದ ಬೀಜ ನೆಟ್ಟರೆ ಎಡಸುತ್ತಿನದೇ ಬರುತ್ತದೆ ಎಂದೇನೂ ಇಲ್ಲ, ಹಾಗಾಗಿ ಯಾರೂ ಬೀಜದ ಕಾಯಿ ಹುಡುಕಿಕೊಂಡು ಹೊರಡಬೇಡಿ. ಆ ಲೇಖನ ಬಂದ ‘ಜರ್ನಲ್ ಆಫ್ ಜೆನೆಟಿಕ್ಸ್’ ಅನ್ನು ಈಗ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಹೊರತರುತ್ತಿದೆ. ಇದನ್ನು ಕೇಳಿ ಬಂದ ಮೇಲೆ ನಮ್ಮ ತೋಟದ ಇಪ್ಪತ್ತೆರಡು ಮರ ನೋಡಿದೆ. ನಲವತ್ತು ವರ್ಷ ಅದೇ ಮರ ಹತ್ತಿದ ನಮ್ಮಪ್ಪನಿಗೂ ಎಡ ಬಲ ಎಂದಿದೆ ಎಂಬುದೇ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲೇ ಇಂಥದ್ದು ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ರಾಘವೇಂದ್ರ ಗದಗಕರ್ ಪಿಎಚ್‌ಡಿ ಮಾಡಿದ್ದು ಅಣುಜೀವವಿಜ್ಞಾನದಲ್ಲಿ. ಕಣಜದ ಗೂಡು ನೋಡುವುದು ಅವರಿಗೆ ಹವ್ಯಾಸವಾಗಿತ್ತು. ಕೊನೆಗೆ ಆ ಹವ್ಯಾಸವೇ ಜೀವಮಾನದ ಕೆಲಸವಾಯಿತು. ಗೂಡಿನ ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ, ಯಾರು ಕೂಳು ತರುತ್ತಾಳೆ, ಯಾರು ಸುಮ್ಮನೆ ಕೂರುತ್ತಾಳೆ ಎಂದು ವರ್ಷಗಟ್ಟಲೆ ಬರೆದುಕೊಂಡರು. ನಮ್ಮ ಮನೆಯ ಸೂರಿನಲ್ಲೂ ಕಾಣುವಂಥ ಗೂಡುಗಳು ಅವು.

ಇನ್ನು ಹಾವಿನ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಬುಡಕ್ಕೇ ಬರುವ ಸಂಗತಿ.

ಹಾವು ಕಡಿದು ನಮ್ಮ ದೇಶದಲ್ಲಿ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆ? ಬಹಳ ಕಾಲ ಸರ್ಕಾರಿ ಕಡತದಲ್ಲಿ ಇದ್ದ ಸಂಖ್ಯೆ ತೀರಾ ಸಣ್ಣದು, ಏಕೆಂದರೆ ಸತ್ತವರಲ್ಲಿ ಬಹುಪಾಲು ಆಸ್ಪತ್ರೆ ಮುಟ್ಟದವರು. ಆಮೇಲೆ ಮನೆಮನೆಗೆ ಹೋಗಿ ‘ನಿಮ್ಮ ಮನೆಯವರು ಹೇಗೆ ತೀರಿಕೊಂಡರು’ ಎಂದು ಕೇಳಿ ಬರೆದುಕೊಂಡ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಅದರ ಆಧಾರದ ಮೇಲೆ 2020ರಲ್ಲಿ ಬಂದ ಅಂದಾಜು ಇದು: 2000ದಿಂದ 2019ರವರೆಗೆ ಸುಮಾರು 12 ಲಕ್ಷ ಸಾವು. ವರ್ಷಕ್ಕೆ ಸರಾಸರಿ 58 ಸಾವಿರ. ಆ ಹಳೆಯ ಕಡತದ ಸಣ್ಣ ಸಂಖ್ಯೆ, ಅಕ್ಕ ಹೇಳುವ ಖಾಲಿ ಜಾಗವೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಮಾಡಿತು. ಈಗ ಆ ಜಾಗ ತುಂಬಲು ಶುರುವಾಗಿದೆ.

ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ತಯಾರಾಗುವುದು ಹೇಗೆಂದರೆ, ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚುತ್ತಾರೆ, ಕುದುರೆಯ ಮೈ ಅದರ ವಿರುದ್ಧ ಕಟ್ಟಿಕೊಂಡ ಶಕ್ತಿಯನ್ನು ರಕ್ತದಿಂದ ಬೇರ್ಪಡಿಸಿ ಔಷಧಿ ಮಾಡುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಸೇರಿ ಒಂದೇ ಔಷಧಿ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನ ಮಹಾಬಲಿಪುರದ ಹತ್ತಿರ ಇರುವ, ಇರುಳ ಸಮುದಾಯದವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದಿಂದ. ಅಂದರೆ ಆ ಸೀಮೆಯ ಹಾವುಗಳ ವಿಷ.

ಆದರೆ ಊರಿಂದ ಊರಿಗೆ ವಿಷವೂ ಬೇರೆಯಾದರೆ? ವಿಷವೂ ವಿಕಾಸ ಹೊಂದುತ್ತದೆ. ಅಲ್ಲಲ್ಲಿ ಸಿಗುವ ಆಹಾರ, ಅಲ್ಲಲ್ಲಿನ ಹವೆ, ಅಜ್ಜ ಮುತ್ತಜ್ಜರಿಂದ ಬಂದದ್ದು, ಎಲ್ಲ ಸೇರಿ ಒಂದೇ ಜಾತಿಯ ಹಾವಿನ ವಿಷ ರಾಜಸ್ಥಾನದಲ್ಲೊಂದು ಬಗೆ, ಇಲ್ಲೊಂದು ಬಗೆ ಆಗಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ಇದನ್ನು ವರ್ಷಗಳಿಂದ ಹಿಂಬಾಲಿಸುತ್ತಿದೆ. ದೇಶದ 34 ಜಾಗಗಳಿಂದ 115 ಕೊಳಕುಮಂಡಲಗಳ ವಿಷ ಸಂಗ್ರಹಿಸಿ, ಅದನ್ನು ಆ ಜಾಗದ ಮಳೆ, ಬಿಸಿಲಿನ ದಾಖಲೆಯ ಜೊತೆ ಹೊಂದಿಸಿ ನೋಡಿದ ಅವರ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ವಿಷದ ವ್ಯತ್ಯಾಸದಲ್ಲಿ ಒಂದು ಪಾಲನ್ನು ಹವೆಯಿಂದಲೇ ಊಹಿಸಬಹುದು ಎಂದು ಕಂಡಿತು. ಒಣಸೀಮೆಯ ಹಾವುಗಳ ವಿಷದಲ್ಲಿ ಮಾಂಸವನ್ನು ಕರಗಿಸುವ ಬಗೆಯ ಅಂಶದ ಚಟುವಟಿಕೆ ಹೆಚ್ಚು. ಮುಂದೆ ಯಾವ ಸೀಮೆಗೆ ಎಂಥ ಔಷಧಿ ಬೇಕು ಎಂದು ನಕ್ಷೆ ಬರೆಯಲು ಇದು ದಾರಿ.

115 ಎಂದರೆ ಕೇಳಲು ಸಣ್ಣ ಸಂಖ್ಯೆ. ಫೋನಿನಲ್ಲಿ ಒಂದು ದಿನಕ್ಕೆ ನಾವು ನೋಡುವ ವಿಡಿಯೋಗಳಷ್ಟು. ಆದರೆ ಒಂದೊಂದು ಸಾಲಿನ ಹಿಂದೆಯೂ ಅರಣ್ಯ ಇಲಾಖೆಯ ಅನುಮತಿ, ರಾತ್ರಿ ನಡಿಗೆ, ಕುಕ್ಕರ್ ಸೀಟಿಯಂತೆ ಬುಸುಗುಟ್ಟುವ ಒಂದು ಜೀವಂತ ಕೊಳಕುಮಂಡಲ, ಅದರ ಹಲ್ಲಿನಿಂದ ಪಾತ್ರೆಗೆ ಬೀಳುವ ನಾಲ್ಕು ಹನಿ. ಅಕ್ಕನ ಲ್ಯಾಬೇ ಬೇರೆ, ಅವಳ ಕೆಲಸವೂ ಬೇರೆ, ಆದರೆ ಇದೇ ಸೀಮೆಯ ಪ್ರಶ್ನೆಗಳು. ಡೇಟಾ ಸೈನ್ಸ್ ಕಲಿತ ಅವಳ ಬಿಎಸ್ಸಿ ಗೆಳತಿಯರು ಕಂಪನಿಗಳಲ್ಲಿ ಕೋಟಿಗಟ್ಟಲೆ ಸಾಲುಗಳ ಜೊತೆ ಕೆಲಸ ಮಾಡುತ್ತಾರೆ, ಒಂದು ಸಾಲನ್ನೂ ಮುಖ ನೋಡಿರುವುದಿಲ್ಲ. ಇವಳಿಗೆ ತನ್ನ ಸಾಲುಗಳ ಮುಖ ಗೊತ್ತು.

ಆ ಗೆಳತಿಯರ ಸಂಬಳದ ವಿಷಯ ಮನೆಯಲ್ಲಿ ಬಾರದ ದಿನವಿಲ್ಲ. ಮುಚ್ಚಿಡುವುದೇಕೆ, ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ಇಂಥ ಓದಿಗೆ ಫೀಸು ಕಟ್ಟಿ ಸೇರುವುದಲ್ಲ, ನೆಟ್ ಅಥವಾ ಗೇಟ್ ಥರದ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ, ಸಂದರ್ಶನ ಮುಗಿಸಿ ಸೇರಿದರೆ ಅವರೇ ದುಡ್ಡು ಕೊಡುತ್ತಾರೆ. 2023ರ ಜನವರಿಯಿಂದ ಕೇಂದ್ರದ ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಬಾಡಿಗೆ ಭತ್ಯೆ ಬೇರೆ. ಗೇಟ್‌ನಲ್ಲಿ ಪರಿಸರ ಮತ್ತು ವಿಕಾಸಕ್ಕೆಂದೇ ಒಂದು ಪ್ರತ್ಯೇಕ ಪತ್ರಿಕೆ ಇದೆ ಎಂಬುದು ನಮ್ಮ ತಾಲ್ಲೂಕು ಕಾಲೇಜಿನ ಮಕ್ಕಳಿಗೆ ಗೊತ್ತಿಲ್ಲ, ಅವರ ಮೇಷ್ಟ್ರಲ್ಲೂ ಕೆಲವರಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದ ಪದವಿಯಲ್ಲಿ 75 ಪರ್ಸೆಂಟ್ ತೆಗೆದವರು ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಎಂದು ಯುಜಿಸಿ 2022ರಲ್ಲಿ ನಿಯಮ ಮಾಡಿದೆ. ಮುಗಿಸಲು ಆರು ವರ್ಷದ ಗಡುವು, ಹೆಣ್ಣುಮಕ್ಕಳಿಗೆ ಹೆಚ್ಚುವರಿ ಎರಡು ವರ್ಷದ ಅವಕಾಶ, 240 ದಿನದವರೆಗೆ ಹೆರಿಗೆ ರಜೆ.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ಆದರೆ ಆ ದುಡ್ಡು ಪ್ರತಿ ತಿಂಗಳೂ ಬರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಒಂದು ಸಲ ಐದು ತಿಂಗಳು ಬರಲಿಲ್ಲ. ದೊಡ್ಡಪ್ಪ ಕಬ್ಬಿನ ಬಾಕಿ ಬಂದದ್ದರಲ್ಲಿ ಕಳಿಸಿದರು. ‘ಸಂಬಳ ತತ್ತಾಳೆ ಅಂದ್ಕೊಂಡಿದ್ದೆ, ಈಗ ನಾನೇ ಕೊಡೋ ಹಂಗಾಯ್ತು’ ಎಂದವರು, ಅವಳ ಮುಂದೆ ಮಾತ್ರ ಆ ಮಾತು ಆಡಲಿಲ್ಲ. ವಯಸ್ಸು ಇಪ್ಪತ್ತೆಂಟು. ನಮ್ಮೂರಿನಲ್ಲಿ ಈ ವಯಸ್ಸಿಗೆ ಮದುವೆಯಾಗದ ಹೆಣ್ಣು ಅವಳೊಬ್ಬಳೇ. ಬಂದ ಎರಡು ಸಂಬಂಧದವರು ‘ಇನ್ನೂ ಓದ್ತಾವ್ಳಾ?’ ಎಂದು ಕೇಳಿ ಕಾಫಿ ಕುಡಿದು ಹೋದರು. ಮುಗಿದ ಮೇಲೆ ಕೆಲಸ ಗ್ಯಾರಂಟಿಯಾ ಎಂದು ನಾನೂ ಕೇಳಿದೆ. ‘ಇಲ್ಲ’ ಎಂದಳು. ಲೆಕ್ಕ ಬರುವುದರಿಂದ ಹೊಟ್ಟೆಗೆ ತೊಂದರೆಯಾಗುವುದಿಲ್ಲ, ಆದರೆ ಇದೇ ಕೆಲಸ ಮುಂದುವರಿಸಲು ಆಗುತ್ತದೆಯೋ ಇಲ್ಲವೋ ಎಂದಳು. ಹೆಣ್ಣುಮಕ್ಕಳನ್ನು ಇಂಥ ಓದಿಗೆ ಕಳಿಸಿ ಎಂದು ಬರೆಯುವುದು ನನಗೆ ಸುಲಭ. ಆ ಐದು ತಿಂಗಳು ದೊಡ್ಡವ್ವ ಸಂಘದ ಕಂತು ಹೇಗೆ ಕಟ್ಟಿದಳು ಎಂದು ಕಂಡಿದ್ದೇನೆ, ಹಾಗಾಗಿ ಬಾಯಿ ತುಂಬ ಹೇಳಲಾರೆ.

ಈಗ ನನ್ನ ಪಾಲಿನ ಕೆಲಸ. ಅಕ್ಕನ ಸಂಶೋಧನೆಯ ಒಂದು ಭಾಗಕ್ಕೆ ಕೊಳಕುಮಂಡಲ ಕಡಿದು ಬದುಕಿದವರನ್ನು ಮಾತಾಡಿಸಬೇಕು. ಕಡಿತವಾದ ಜಾಗ ಎಲ್ಲಿ, ಮೊದಲು ಏನಾಯಿತು, ಎಷ್ಟು ಔಷಧಿ ಹಿಡಿಯಿತು ಎಂಬುದೆಲ್ಲ. ಹಾಗೆ ಹೋಗಿ ಕೇಳುವಂತಿಲ್ಲ. ಸಂಸ್ಥೆಯ ನೈತಿಕ ಸಮಿತಿ ಒಪ್ಪಬೇಕು, ಕೇಳಿಸಿಕೊಳ್ಳುವವರ ಭಾಷೆಯಲ್ಲಿ ಒಪ್ಪಿಗೆ ಪತ್ರ ಇರಬೇಕು. ಅದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂತು.

ಎರಡು ಪುಟ. ಎಂಟು ದಿನ ಹಿಡಿಯಿತು. ‘ದತ್ತಾಂಶ’ ಎಂದು ಬರೆದೆ, ಅಕ್ಕ ಹೊಡೆದು ಹಾಕಿದಳು. ‘ಚಿಕ್ಕಪ್ಪಂಗೆ ದತ್ತು ತಗೊಂಡಂಗೆ ಕೇಳ್ತದೆ.’ ‘ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ’ ಎಂದಾಯಿತು. ‘ಯಾವಾಗ ಬೇಕಾದರೂ ನೀವು ಬೇಡ ಎನ್ನಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಾಗುವುದಿಲ್ಲ.’ ಇದು ಸಲೀಸಾಗಿ ಬಂತು. ಸಿಕ್ಕಿಹಾಕಿಕೊಂಡದ್ದು ಇನ್ನೊಂದು ಸಾಲಿನಲ್ಲಿ: ‘ಈ ಅಧ್ಯಯನದಿಂದ ನಿಮಗೆ ನೇರವಾಗಿ ಯಾವ ಲಾಭವೂ ಇಲ್ಲ.’ ಇಷ್ಟು ಬೋಳಾಗಿ ಬರೆದರೆ ಯಾರು ರುಜು ಹಾಕುತ್ತಾರೆ, ಸ್ವಲ್ಪ ಮೆತ್ತಗೆ ಮಾಡೋಣ ಎಂದೆ. ಅವಳು ಬಿಡಲಿಲ್ಲ. ಅದು ಬೋಳಾಗಿಯೇ ಇರಬೇಕು, ನಿಜ ಅದೇ ತಾನೆ ಎಂದಳು.

ಪತ್ರ ಓದಲು ಬರುತ್ತದಾ ಎಂದು ಪರೀಕ್ಷಿಸಲು ಮೊದಲು ನಮ್ಮಪ್ಪನ ಕೈಗೆ ಕೊಟ್ಟೆ. ಅಪ್ಪ ಏಳನೇ ಕ್ಲಾಸು. ಕೊಳಕುಮಂಡಲ ಕಡಿದು ಬದುಕಿ ಬಂದವರು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದುತ್ತಾ ಆ ಸಾಲಿಗೆ ಬಂದಾಗ ನಿಂತರು. ಎರಡು ಸಲ ಓದಿದರು.

‘ಲಾಭ ಇಲ್ಲ ಅಂತ ಅವ್ರೇ ಬರ್ದವ್ರಲ್ಲಾ! ಇಂಗೆ ಬರ್ದಿರೋ ಕಾಗ್ದ ನಾನು ಇವತ್ತೇ ನೋಡಿದ್ದು. ಎಲ್ಲಿ ರುಜು ಹಾಕ್ಬೇಕು?’

ಹಾಕುವಂತಿಲ್ಲ ಎಂದು ಹೇಳಬೇಕಾಯಿತು. ಅಪ್ಪನ ಕಥೆಯನ್ನು ಅಕ್ಕ ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಿ ಅವಳೇ ಬಿಡಿಸಿ ಹೇಳಿದಳು. ‘ಚಿಕ್ಕಪ್ಪ, ನಾನು ಕೇಳಿದ್ರೆ ನೀವು ಇಲ್ಲ ಅನ್ನಲ್ಲ. ಇಲ್ಲ ಅನ್ನೋಕಾಗ್ದೆ ಇರೋರ ಹತ್ರ ಒಪ್ಗೆ ಕೇಳ್ಬಾರ್ದು ಅಂತ ನಿಯಮ. ಮನೆಯೋರ್ನ ಸೇರಿಸ್ಕೊಂಡ್ರೆ ನನ್ ಲೆಕ್ಕಾನೇ ಯಾರೂ ನಂಬಲ್ಲ.’ ಒಂದೇ ಮನೆಯ ಸಾಕ್ಷಿಯ ಮಾತು ಇಲ್ಲಿಗೂ ಬಂತಲ್ಲ ಎಂದು ನನಗೆ ನಗು. ಅಪ್ಪನಿಗೆ ನಗು ಬರಲಿಲ್ಲ. ಕಚ್ಚಿಸಿಕೊಂಡವನು ನಾನು, ಹದಿನಾಲ್ಕು ದಿನ ಮಲಗಿದವನು ನಾನು, ಪಕ್ಕದೂರಿನವರದೆಲ್ಲ ಬರೆದುಕೊಂಡು ನನ್ನದೇ ಬಿಡುವುದೆಂದರೆ ಏನು ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಜಗಲಿ ಮೇಲೆ ಕೂತು ನನ್ನನ್ನು ಕರೆದರು.

‘ಅವ್ಳು ಬರ್ಕೊಳ್ದಿದ್ರೆ ಕತ್ತೆ ಬಾಲ. ನೀನು ಪೇಪರ್‌ನೋನಲ್ವಾ, ನೀನು ಬರ್ಕೊ.’

ಅವರು ಹೇಳಿದ ಕ್ರಮದಲ್ಲೇ ಬರೆದುಕೊಂಡಿದ್ದೇನೆ. 2018ರ ನವೆಂಬರ್, ಭತ್ತದ ಕುಯ್ಲು. ಕೆರೆ ಹಿಂದಲ ಗದ್ದೆ, ಮೂಡಲ ಬದು. ಸಂಜೆ ಆರೂವರೆ, ಹುಲ್ಲಿನ ಹೊರೆ ಎತ್ತುವಾಗ. ಬಲಗಾಲು, ಹಿಮ್ಮಡಿಯಿಂದ ಎರಡು ಬೆರಳು ಮೇಲೆ. ಬುಸ್ ಎಂದ ಸದ್ದು ಕೇಳಿಸಿತ್ತು, ಗಾಳಿ ಎಂದುಕೊಂಡರು. ಮೊದಲು ನಾಟಿ ಔಷಧಿಯವರ ಮನೆ, ಅಲ್ಲಿ ಹೋದ ಹೊತ್ತು ಎರಡು ಗಂಟೆ. ಹಗ್ಗ ಬಿಗಿದಿದ್ದರು, ಬಿಗಿಯಬಾರದಿತ್ತು, ಕೊಯ್ಯಲೂ ಬಾರದು, ಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಬೇಕಿತ್ತು, ಇದನ್ನೂ ಬರಿ ಎಂದರು. ತಾಲ್ಲೂಕಿನಲ್ಲಿ ಔಷಧಿ ಸಾಲದೆ ಜಿಲ್ಲೆಗೆ. ಗಾಜಿನ ಕೊಳವೆಯಲ್ಲಿ ರಕ್ತ ತೆಗೆದಿಟ್ಟು ಇಪ್ಪತ್ತು ನಿಮಿಷ ಬಿಟ್ಟು ಬಗ್ಗಿಸಿ ನೋಡಿದರು, ನೀರಿನಂತೆ ಹರಿಯಿತು. ಹತ್ತು ಬಾಟಲಿ ಔಷಧಿ. ಮತ್ತೆ ಬಗ್ಗಿಸಿದರು, ಮತ್ತೆ ಹರಿಯಿತು. ಇನ್ನೂ ಹತ್ತು. ಡಯಾಲಿಸಿಸ್ ನಾಲ್ಕು ಸಲ. ಹಾವಿನ ಉದ್ದ ಎಷ್ಟಿತ್ತು ಎಂದು ಕೇಳಿದೆ.

‘ಕತ್ಲು ಕಣ್ಲಾ. ನೋಡ್ಲಿಲ್ಲ.’

ಆ ಜಾಗ ಖಾಲಿ ಬಿಟ್ಟಿದ್ದೇನೆ.